ರಾಮನವಮಿ ಕಛೇರಿ ಮುಗಿದ ಮೇಲೆ ಏಳು ಮೂಟೆ ಕಸ: ನಮ್ಮ ಸಂಗೀತ ಸಭೆಗಳು ಏನು ಮಾಡಬಹುದು?

ಸರಳೆ ವರಸೆ | ಸರಸ್ವತಿಪುರಂ, ಮೈಸೂರು | ಭಾನುವಾರ ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಬಡಾವಣೆಯ ರಾಮೋತ್ಸವದ ಸಂಗೀತ ಮೊನ್ನೆ ರಾತ್ರಿ ಮುಗಿಯಿತು. ಒಂಬತ್ತು ದಿನ, ಒಂಬತ್ತು ಕಛೇರಿ. ಕೊನೆಯ ದಿನ ಮಂಗಳ ಹಾಡಿ ಜನ ಎದ್ದು ಹೋದ ಮೇಲೆ ಚಪ್ಪರದಲ್ಲಿ ನಾವು ಆರು ಜನ ಉಳಿದೆವು. ಜಮಖಾನ ಕೊಡವಿ ಮಡಿಸಿದೆವು, ಕುರ್ಚಿ ಒಂದರ ಮೇಲೊಂದು ಜೋಡಿಸಿದೆವು. ಆಮೇಲೆ ಕಸ ಬಾಚಲು ಶುರು ಮಾಡಿದೆವು. ಪಾನಕ ಕುಡಿದ ಪೇಪರ್ ಲೋಟಗಳು ಒಂದಕ್ಕೊಂದು ಅಂಟಿಕೊಂಡು ಇರುವೆ ಮುತ್ತಿದ್ದವು. ಕೋಸಂಬರಿ ಹಾಕಿದ್ದ ಬೆಳ್ಳಿ ಬಣ್ಣದ ದೊನ್ನೆಗಳು. ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು, ಅದರಲ್ಲಿ ಎಷ್ಟೋ ವೇದಿಕೆ ಮೇಲಿಂದಲೇ ಬಂದವು. ಶಾಲಿನ ಪ್ಲಾಸ್ಟಿಕ್ ಕವರು, ಸ್ಮರಣಿಕೆಯ ಡಬ್ಬ, ಜರಿ ಸುತ್ತಿದ ಹಾರ. ಎಲ್ಲ ತುಂಬಿದಾಗ ಏಳು ಮೂಟೆ ಆಯಿತು. ಪಕ್ಕದಲ್ಲಿ ಸುತ್ತಿ ನಿಲ್ಲಿಸಿದ ಒಂಬತ್ತು ಫ್ಲೆಕ್ಸ್, ದಿನಕ್ಕೊಂದರ ಹಾಗೆ.

ಬೆಳಿಗ್ಗೆ ಆರು ಗಂಟೆಗೆ ಪೌರಕಾರ್ಮಿಕ ಮಹಿಳೆ ಬಂದರು. ಒಂದು ಮೂಟೆಯ ಬಾಯಿ ಬಿಚ್ಚಿ ನೋಡಿದರು. "ಅಮ್ಮಾ, ಹಸಿ ಒಣ ಬೇರೆ ಮಾಡಿಲ್ವಾ?" ಅಂದರು. ಬೈಯಲಿಲ್ಲ, ಸುಮ್ನೆ ಕೇಳಿದರು. ಆಮೇಲೆ ಅಲ್ಲೇ ಕೂತು ಕೈಯಿಂದಲೇ ಹೂವು, ಲೋಟ, ದೊನ್ನೆ ಬೇರೆ ಮಾಡತೊಡಗಿದರು. ನಾನೂ ಜೊತೆಗೆ ಕೂತೆ. ಮುಕ್ಕಾಲು ಗಂಟೆಯಲ್ಲಿ ಮುಗಿದದ್ದು ಎರಡೇ ಮೂಟೆ.

2015ರಲ್ಲೂ 2016ರಲ್ಲೂ ದೇಶದ ಅತಿ ಸ್ವಚ್ಛ ನಗರ ಅಂತ ಹೆಸರು ತಂದುಕೊಂಡ ಊರು ನಮ್ಮದು. ಆ ಹೆಸರು ತಂದವರು ಇಂಥವರೇ. ಹಿಂದಿನ ರಾತ್ರಿ ಅದೇ ವೇದಿಕೆಯಲ್ಲಿ ಕಾವೇರಿಯ ಮೇಲೆ ತ್ಯಾಗರಾಜರು ಮಾಡಿದ ಕೀರ್ತನೆ ಕೇಳಿ ನನಗೆ ಕಣ್ಣು ತುಂಬಿ ಬಂದಿತ್ತು. ಬೆಳಿಗ್ಗೆ ಆ ಅಮ್ಮನ ಎದುರು ತಲೆ ಎತ್ತಲು ಆಗಲಿಲ್ಲ.

ಒಬ್ಬರು ಹಾಡುತ್ತಾರೆ, ಇಬ್ಬರು ಮೂವರು ಪಕ್ಕವಾದ್ಯದವರು, ಒಂದು ತಂಬೂರಿ. ಇಷ್ಟಕ್ಕೆ ಏಳು ಮೂಟೆ ಯಾಕೆ ಬೇಕು? ನಾನು ಆ ಕಸವನ್ನು ಕೂತು ನೋಡಿದಾಗ ಅನ್ನಿಸಿದ್ದು ಇದು. ಅದರಲ್ಲಿ ಮುಕ್ಕಾಲು ಪಾಲು ಬಂದದ್ದು ಗೌರವ ಮಾಡಲು ಹೋಗಿ. ಕಲಾವಿದರಿಗೆ ಗೌರವ, ದಾನಿಗಳಿಗೆ ಗೌರವ, ಬಂದವರಿಗೆ ಉಪಚಾರ. ಗೌರವ ಒಂದು ಚೂರೂ ಕಡಿಮೆ ಆಗದ ಹಾಗೆ ಈ ಸಾಮಾನು ಕಡಿಮೆ ಮಾಡಲು ಆಗುತ್ತಾ? ಗಣೇಶನ ಹಬ್ಬಕ್ಕೆ ಇನ್ನೂ ಸಮಯ ಇದೆ. ಸಭೆ ನಡೆಸುವವರು, ಹಾಡುವವರು, ನುಡಿಸುವವರು, ಕೇಳುವವರು ಎಲ್ಲರೂ ಹೇಳಿ.

---

ಕೊನೇ ಸಾಲು | ಜಯಲಕ್ಷ್ಮೀಪುರಂ | ಭಾನುವಾರ ಬೆಳಿಗ್ಗೆ 8:25

ಅಕ್ಕ, ಓದಿ ಮನಸ್ಸಿಗೆ ಕಷ್ಟ ಆಯಿತು. ನಾನೂ ಆ ಚಪ್ಪರದಲ್ಲಿ ಮೂರು ದಿನ ಕೂತಿದ್ದೆ, ಮೂರು ಲೋಟ ನನ್ನದೂ ಇರುತ್ತದೆ.

ಪೇಪರ್ ಲೋಟ ಅಂದರೆ ಬರೀ ಕಾಗದ ಅಂದುಕೊಳ್ಳುತ್ತೇವೆ. ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಪಾನಕ ನಿಲ್ಲುವುದೇ ಇಲ್ಲ. ಅದು ಗೊಬ್ಬರವೂ ಆಗುವುದಿಲ್ಲ, ರದ್ದಿಗೂ ಹೋಗುವುದಿಲ್ಲ. ಸ್ಟೀಲ್ ಲೋಟ ಇಡಿ. ತೊಳೆಯಲು ಜನ ಸಾಲದಿದ್ದರೆ ನಾನು ಬರುತ್ತೇನೆ. ಕೋಸಂಬರಿಗೆ ಮುತ್ತುಗದ ಎಲೆ ದೊನ್ನೆ ಸಿಗುತ್ತದೆ. ಅದು ಸಿಗದಿದ್ದರೆ ಬಾಳೆಲೆ ತುಂಡು ಸಾಕು.

---

ಎಡ ಬಲ | ಅಗ್ರಹಾರ, ಮೈಸೂರು | ಭಾನುವಾರ ಬೆಳಿಗ್ಗೆ 10:02

ನಾನು ಮೃದಂಗ ನುಡಿಸುವವನು. ಸ್ಮರಣಿಕೆ ಬಗ್ಗೆ ನಾನೇ ಹೇಳಬೇಕು, ಯಾಕೆಂದರೆ ವೇದಿಕೆ ಮೇಲೆ ಕೂತವರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ನಮ್ಮ ಮನೆ ಅಟ್ಟದಲ್ಲಿ ಈಗ ನಾಲ್ಕು ರಟ್ಟಿನ ಡಬ್ಬ ತುಂಬಾ ಸ್ಮರಣಿಕೆ ಇದೆ. ಅಕ್ರಿಲಿಕ್ ಹಲಗೆ, ಪ್ಲಾಸ್ಟಿಕ್ ಮೇಲೆ ಚಿನ್ನದ ಬಣ್ಣ ಹೊಡೆದ ವೀಣೆ, ಗಾಜಿನ ಡಬ್ಬದೊಳಗಿನ ಗಣಪತಿ, ಗಡಿಯಾರ ಕೂರಿಸಿದ ನಟರಾಜ. ಒಂದೊಂದರ ಮೇಲೂ ನನ್ನ ಹೆಸರು, ತಾರೀಖು ಇದೆ. ಹಾಗಾಗಿ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಎಸೆಯಲು ಮನಸ್ಸು ಬರುವುದಿಲ್ಲ, ಪ್ರೀತಿಯಿಂದ ಕೊಟ್ಟಿದ್ದಾರೆ. ರದ್ದಿ ಅಂಗಡಿಯವರು ಒಮ್ಮೆ ನೋಡಿ, ಮರ, ಗಾಜು, ಅಕ್ರಿಲಿಕ್ ಎಲ್ಲ ಗೋಂದಿನಲ್ಲಿ ಅಂಟಿಸಿದೆ, ಬಿಡಿಸಲು ಆಗಲ್ಲ ಅಂತ ವಾಪಸ್ ಕೊಟ್ಟರು.

ಕಳೆದ ವರ್ಷ ಒಂದು ಕಛೇರಿಯಲ್ಲಿ ನನಗೆ ಬಂದ ಸಂಭಾವನೆ ಎರಡೂವರೆ ಸಾವಿರ. ಅದೇ ಸಂಜೆ ಕೊಟ್ಟ ಸ್ಮರಣಿಕೆ, ಶಾಲು, ಹಾರ, ಹಣ್ಣಿನ ಬುಟ್ಟಿ ಸೇರಿದರೆ ಸಾವಿರದ ಇನ್ನೂರು ಆಗಿರುತ್ತದೆ. ಆ ವಾರವೇ ನಾನು ಮೃದಂಗದ ಬಲದ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಬದಲಾಯಿಸಬೇಕಿತ್ತು, ಅದರ ಮಧ್ಯದ ಕಪ್ಪು ಕರಣೆ ಬಿರುಕು ಬಿಟ್ಟಿತ್ತು. ಆ ಸಾವಿರದ ಇನ್ನೂರನ್ನು ಕವರಿನಲ್ಲಿ ಹಾಕಿ "ಮುಚ್ಚಿಗೆ ಹಾಕಿಸಿಕೊಳ್ಳಿ" ಅಂತ ಕೊಟ್ಟಿದ್ದರೆ ನಾನು ಜೀವನ ಪೂರ್ತಿ ಆ ಸಭೆಯನ್ನು ನೆನೆಸಿಕೊಳ್ಳುತ್ತಿದ್ದೆ.

---

ಮಂಗಳಂ | ಮೈಸೂರು | ಭಾನುವಾರ ಮಧ್ಯಾಹ್ನ 12:40

ನಾನು 31 ವರ್ಷ ಒಂದು ಸಭೆಯ ಕಾರ್ಯದರ್ಶಿಯಾಗಿದ್ದೆ. ನಿಮ್ಮ ಕಾಳಜಿ ಅರ್ಥ ಆಗುತ್ತದೆ, ಆದರೆ ಕೆಲವು ಮಾತು ಹೇಳಲೇಬೇಕು.

ಶಾಲು ಹೊದಿಸುವುದು ಬರೀ ಬಟ್ಟೆ ಕೊಡುವುದಲ್ಲ. ಎಪ್ಪತ್ತು ದಾಟಿದ ಒಬ್ಬ ವಿದ್ವಾಂಸರಿಗೆ ನಾನು ಶಾಲು ಹೊದಿಸಿದಾಗ ಅವರು ಎರಡು ಕೈಯಿಂದ ಅದರ ಅಂಚು ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ನಿಂತಿದ್ದರು. ಅವರಿಗೆ ಊರಿನಲ್ಲಿ ಅದೇ ಮೊದಲ ಸನ್ಮಾನ. ಆ ಗಳಿಗೆಯನ್ನು ಕವರಿನಲ್ಲಿ ಹಾಕಿ ಕೊಡಲು ಆಗುತ್ತಾ?

ಫ್ಲೆಕ್ಸ್ ವಿಷಯ. ದಾನಿಗಳ ಹೆಸರು ಕಾಣದಿದ್ದರೆ ಮುಂದಿನ ವರ್ಷ ಅವರು ಬರುವುದಿಲ್ಲ. ಟಿಕೆಟ್ ಇಲ್ಲದೆ ಸಂಗೀತ ನಡೆಸುವ ಊರು ಇದು. ಹಣ ಎಲ್ಲಿಂದ ತರಬೇಕು? ಪರಿಸರದ ಹೆಸರಿನಲ್ಲಿ ಸಣ್ಣ ಸಭೆಗಳ ಕುತ್ತಿಗೆಗೆ ಇನ್ನೊಂದು ಭಾರ ಕಟ್ಟಬೇಡಿ ಅಂತ ಕೇಳಿಕೊಳ್ಳುತ್ತೇನೆ.

---

ಸರಳೆ ವರಸೆ | ಭಾನುವಾರ ಮಧ್ಯಾಹ್ನ 2:15

ಮಂಗಳಂ ಸರ್, ನಿಮ್ಮಂಥವರು ನಡೆಸಿಕೊಂಡು ಬಂದದ್ದರಿಂದಲೇ ನಾವು ಬಿಟ್ಟಿ ಕೂತು ದೊಡ್ಡ ದೊಡ್ಡವರನ್ನು ಕೇಳಿದ್ದೇವೆ. ನಾನು ಮೊದಲ ಸಲ ಕಛೇರಿ ಕೇಳಿದ್ದೇ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಚಪ್ಪರದಲ್ಲಿ, ಅಪ್ಪನ ತೊಡೆ ಮೇಲೆ ಕೂತು. ಅದನ್ನು ಮರೆತಿಲ್ಲ.

ಶಾಲಿನ ಬಗ್ಗೆ ನೀವು ಹೇಳಿದ್ದು ನಿಜ. ಹೊದಿಸುವ ಆ ಗಳಿಗೆ ಇರಲಿ. ಆದರೆ ಈಗ ನಾವು ಹೊದಿಸುತ್ತಿರುವುದು ಯಾವ ಶಾಲು? ಪಾಲಿಯೆಸ್ಟರ್. ಹೊದೆಯಲೂ ಆಗುವುದಿಲ್ಲ, ಒರೆಸಲೂ ಆಗುವುದಿಲ್ಲ. ಒಂದು ಸಭೆಯ ಶಾಲು ಕವರ್ ಕೂಡ ಬಿಚ್ಚದೆ ಇನ್ನೊಂದು ಸಭೆಯ ಸನ್ಮಾನಕ್ಕೆ ಹೋಗಿದ್ದನ್ನು ನಾನು ನೋಡಿದ್ದೇನೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಇವತ್ತಿಗೂ ಖಾದಿ ಕೇಂದ್ರ ಇದೆ, ಗಾಂಧೀಜಿ ಬಂದು ಹೋದ ಜಾಗ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿನ ಸತ್ಯಾಗ್ರಹ ನಡೆಸಿದ್ದು ಅಲ್ಲೇ. ಅಲ್ಲಿಂದ ಒಂದು ಕೈನೂಲಿನ ಉತ್ತರೀಯ ತಂದು ಹೊದಿಸಿದರೆ? ಮೇಲುಕೋಟೆ ಕಡೆಯೂ ಕೈಮಗ್ಗ ಇದೆ. ಹೊದಿಸಿದವರಿಗೂ ನೇಯ್ದವರಿಗೂ ಇಬ್ಬರಿಗೂ ಗೌರವ.

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ತನ್ನ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಮಾಡಿತು. ಸರ್ಕಾರಿ ವೇದಿಕೆಯಲ್ಲಿ ಗೌರವಕ್ಕೆ ಬೇರೆ ದಾರಿ ಇದೆ ಅಂದರೆ ನಮ್ಮ ವೇದಿಕೆಯಲ್ಲೂ ಇರುತ್ತದೆ ಅಲ್ವಾ?

ಫ್ಲೆಕ್ಸ್ ಅಂತೂ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ನಿಷೇಧ ಆಗಿದೆ. ಇನ್ನೂ ಕಟ್ಟುತ್ತಿರುವುದು ತಪ್ಪು, ನಮ್ಮ ಸಮಿತಿಯದೂ ಸೇರಿ.

---

ಕುಕ್ಕರಹಳ್ಳಿ ನಡಿಗೆ | ಮೈಸೂರು | ಭಾನುವಾರ ಸಂಜೆ 5:30

ನಾನು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಲೋಟ, ಶಾಲು ಕಣ್ಣಿಗೆ ಕಾಣುತ್ತದೆ. ಹೊಗೆ ಕಾಣುವುದಿಲ್ಲ. ಅದಕ್ಕೆ ಒಂದು ಸಂಜೆಯ ಕಛೇರಿಯ ಲೆಕ್ಕ ಹಾಕಿದೆ. ನಾನು ನೋಡಿದ ಒಂದು ಚಪ್ಪರದ ಅಂದಾಜು ಇದು, ನಿಮ್ಮ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು.

ಮೊದಲು ದೀಪ. ಹಳೇ ಕಾಲದ ಒಂದು ಕಿಲೋವ್ಯಾಟಿನ ಎಂಟು ದೀಪ ಮೂರೂವರೆ ಗಂಟೆ ಉರಿದರೆ 28 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೆ 20 ಕೆಜಿ. ಅದೇ ಎಂಟು ಎಲ್‌ಇಡಿ ಇದ್ದರೆ ನಾಲ್ಕೈದು ಯೂನಿಟ್, ಮೂರು ಕೆಜಿ. ಜೊತೆಗೆ ಶಾಖ ಇಲ್ಲ. ಹಾಡುವವರ ಶರ್ಟು ಬೆನ್ನಿಗೆ ಅಂಟುವುದಿಲ್ಲ, ತಂಬೂರಿ ಶ್ರುತಿ ಪದೇ ಪದೇ ಇಳಿಯುವುದಿಲ್ಲ.

ಆಮೇಲೆ ಜನರೇಟರ್. ಗಂಟೆಗೆ ಮೂರೂವರೆ ಲೀಟರ್ ಡೀಸೆಲ್, ನಾಲ್ಕು ಗಂಟೆ. 14 ಲೀಟರ್. ಲೀಟರಿಗೆ 2.7 ಕೆಜಿ ಹಿಡಿದರೆ 38 ಕೆಜಿ.

ಕೇಳುಗರು 250 ಜನ. 80 ಸ್ಕೂಟರ್, 25 ಕಾರು, ಹೋಗಿ ಬರಲು ಎಂಟು ಕಿಲೋಮೀಟರ್. ಸುಮಾರು 30 ಲೀಟರ್ ಪೆಟ್ರೋಲ್, 70 ಕೆಜಿ.

ಈಗ ಕಲಾವಿದರ ಪ್ರಯಾಣ. ಚೆನ್ನೈಯಿಂದ ಒಂದು ದೊಡ್ಡ ಡೀಸೆಲ್ ಕಾರು ಬಂದು ಹೋದರೆ ಹತ್ತಿರ ಹತ್ತಿರ 960 ಕಿಲೋಮೀಟರ್. 80 ಲೀಟರ್ ಡೀಸೆಲ್. 216 ಕೆಜಿ.

ಅಂದರೆ ಮಿಕ್ಕ ಎಲ್ಲ ಕೂಡಿಸಿದರೂ ಆ ಒಂದು ಕಾರಿನ ಸಮಕ್ಕೆ ಬರುವುದಿಲ್ಲ. ರೈಲಿನಲ್ಲಿ ಬಂದರೆ ಇದರ ಸಣ್ಣ ಪಾಲು ಸಾಕು. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಇದೆ, 2022ರ ನವೆಂಬರ್‌ನಿಂದ ವಂದೇ ಭಾರತ್ ಕೂಡ ಇದೆ.

ಇನ್ನೊಂದು ವಿಷಯ. ರಾಮನವಮಿ ಸಮಯದಲ್ಲಿ ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವಕ್ಕೆ ದೊಡ್ಡ ಕಲಾವಿದರೆಲ್ಲ ಬರುತ್ತಾರೆ. ಅದು 1939ರಿಂದ ನಡೆಯುತ್ತಿದೆ. ಹೇಗೂ ಬೆಂಗಳೂರಿನ ತನಕ ಬಂದಿರುತ್ತಾರೆ. ಮಾರನೇ ದಿನ ಮಂಡ್ಯ, ಅದರ ಮಾರನೇ ದಿನ ಮೈಸೂರು ಅಂತ ಸಭೆಗಳು ಮಾತಾಡಿಕೊಂಡರೆ ಒಂದೇ ಪ್ರಯಾಣದಲ್ಲಿ ಮೂರು ಕಛೇರಿ ಆಗುತ್ತದೆ. ಮಂಗಳಂ ಅವರಿಗೆ ಹಣವೂ ಉಳಿಯುತ್ತದೆ. ಈಗ ಒಂದು ಸಭೆಯ ಪಟ್ಟಿ ಇನ್ನೊಂದು ಸಭೆಗೆ ಗೊತ್ತಾಗುವುದೇ ಕರಪತ್ರ ಅಚ್ಚಾದ ಮೇಲೆ.

---

ಪಿಟೀಲು ಕಮಾನು | ಕುವೆಂಪುನಗರ | ಭಾನುವಾರ ಸಂಜೆ 6:05

ಸರ್, ಲೆಕ್ಕ ಚೆನ್ನಾಗಿದೆ. ಆದರೆ ರೈಲಿನಲ್ಲಿ ವೀಣೆ ತರುವವರ ಪಾಡು ಒಮ್ಮೆ ಯೋಚಿಸಿ. ಬರ್ತ್ ಮೇಲೆ ವೀಣೆ ಮಲಗಿಸಿ ತಾವು ರಾತ್ರಿಯಿಡೀ ಕೂತು ಬಂದವರನ್ನು ನೋಡಿದ್ದೇನೆ. ಘಟದವರಿಗೂ ಅಷ್ಟೇ, ಒಬ್ಬರ ಕಾಲು ತಗುಲಿದರೆ ಮುಗಿಯಿತು. ವಾದ್ಯಕ್ಕೂ ಒಂದು ಸೀಟು ಕಾಯ್ದಿರಿಸಿ ಕೊಡುತ್ತೇವೆ, ಸ್ಟೇಷನ್ನಿಗೆ ನಾವೇ ಬರುತ್ತೇವೆ ಅಂತ ಸಭೆಯವರು ಹೇಳಿದರೆ ರೈಲಿಗೆ ಜಾಸ್ತಿ ಜನ ಒಪ್ಪುತ್ತಾರೆ. ನಾನಂತೂ ಒಪ್ಪುತ್ತೇನೆ.

---

ಮೈಕ್ ಸೆಟ್ | ಮಂಡ್ಯ | ಭಾನುವಾರ ರಾತ್ರಿ 10:50

ಎಲ್ಲಾ ದೊಡ್ಡವರಿಗೂ ನಮಸ್ಕಾರ. ನಾನು ಮಂಡ್ಯದವನು, ಮೈಕ್ ಸೆಟ್ ಇಟ್ಟು 22 ವರ್ಷ ಆಯಿತು. ನನ್ನ ಅನುಭವ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಜನರೇಟರ್ ಸಂಜೆಯಿಂದ ರಾತ್ರಿ ತನಕ ಓಡುತ್ತದಲ್ಲ, ಅಷ್ಟು ಹೊತ್ತೂ ಕರೆಂಟ್ ಇದ್ದೇ ಇರುತ್ತದೆ. ಮಧ್ಯೆ ಹೋಗಿಬಿಟ್ಟರೆ ಮರ್ಯಾದೆ ಹೋಗುತ್ತದೆ ಅನ್ನುವ ಭಯಕ್ಕೆ ಓಡಿಸುತ್ತಾರೆ. ನಿಜವಾಗಿ ಒಂದು ಶಾಸ್ತ್ರೀಯ ಕಛೇರಿಗೆ ಏನು ಬೇಕು? ಐದಾರು ಮೈಕು, ಒಂದು ಮಿಕ್ಸರ್, ನಾಲ್ಕು ಸ್ಪೀಕರ್, ಎಲ್‌ಇಡಿ ದೀಪ. ಒಟ್ಟು ಎರಡು ಕಿಲೋವ್ಯಾಟ್ ದಾಟುವುದಿಲ್ಲ. ತಾತ್ಕಾಲಿಕ ವಿದ್ಯುತ್ ಸಂಪರ್ಕ ತಗೊಳ್ಳಿ, ಜೊತೆಗೆ ಒಂದು ಇನ್ವರ್ಟರ್ ಬ್ಯಾಟರಿ ಇಡಿ. ಕರೆಂಟ್ ಹೋದರೂ ಪಲ್ಲವಿ ನಿಲ್ಲುವುದಿಲ್ಲ. ಹೋದ ವರ್ಷ ನಮ್ಮ ಕಡೆ ಒಂದು ದೇವಸ್ಥಾನದಲ್ಲಿ ಹಾಗೇ ಮಾಡಿದೆ. ಎರಡು ಸಲ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಹಾಡು ನಿಲ್ಲಲಿಲ್ಲ. ಜನ ಪಂಚೆ ಅಂಚಿನಲ್ಲಿ ಗಾಳಿ ಬೀಸಿಕೊಂಡು ಕೇಳಿದರು. ಕೊನೆಗೆ ಒಬ್ಬ ಅಜ್ಜ ಬಂದು, ಜನರೇಟರ್ ಗುಂಯ್ ಅನ್ನದೆ ಇದ್ದದ್ದಕ್ಕೆ ತಂಬೂರಿ ಚೆನ್ನಾಗಿ ಕೇಳಿಸ್ತಪ್ಪ ಅಂದರು.

ಸೌಂಡ್ ಜಾಸ್ತಿ ಮಾಡಿ ಅಂತ ನಮಗೆ ಒತ್ತಾಯ ಬರುವುದು ವೇದಿಕೆಯಿಂದಲೇ. ಮೃದಂಗದವರು ಜಾಸ್ತಿ ಮಾಡಿ ಅನ್ನುತ್ತಾರೆ, ಆಮೇಲೆ ಪಿಟೀಲಿನವರು, ಆಮೇಲೆ ಹಾಡುವವರು. ಕೊನೆಗೆ ಹೊರಗಿನ ಬೀದಿಗೂ ಕೇಳಿಸುತ್ತದೆ. ವಾಸದ ಬಡಾವಣೆಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಅಂತ 2000ನೇ ಇಸವಿಯ ನಿಯಮ ಇದೆ. ನಾವು ಅದಕ್ಕಿಂತ ಎಷ್ಟೋ ಮೇಲೆ ಇರುತ್ತೇವೆ.

---

ಎಡ ಬಲ | ಭಾನುವಾರ ರಾತ್ರಿ 11:20

ಅಣ್ಣ, ಆ ಮಾತು ನನಗೆ ತಗುಲಿತು, ನಿಜ. ಮುಂದಿನ ಸಲ ನಾನೇ ಮೊದಲು ಕಡಿಮೆ ಮಾಡಿಸುತ್ತೇನೆ.

---

ಕೊನೇ ಸಾಲು | ಸೋಮವಾರ ಬೆಳಿಗ್ಗೆ 6:45

ವೀಣೆ ಶೇಷಣ್ಣನವರ ಕಾಲದಲ್ಲಿ ಮೈಕ್ ಎಲ್ಲಿತ್ತು? ಕೇಳುಗರು ಹತ್ತಿರ ಕೂತಿದ್ದರು, ಅಷ್ಟೇ. ಕಳೆದ ತಿಂಗಳು ಒಂದು ಮನೆ ಕಛೇರಿಗೆ ಹೋಗಿದ್ದೆ. ನಡುಮನೆಯಲ್ಲಿ ಮೂವತ್ತೈದು ಜನ, ಮೈಕ್ ಇಲ್ಲ. ವೀಣೆಯ ಸ್ವರ ಎಳೆದು ಗಮಕ ನುಡಿಸುವಾಗ ತಂತಿ ಹಿತ್ತಾಳೆ ಪಟ್ಟಿಗಳ, ಅಂದರೆ ಮೆಟ್ಟಿಲ, ಮೇಲೆ ಜಾರುವ ಸದ್ದೂ ಕೇಳಿಸುತ್ತಿತ್ತು. ಮನೆಯವರು ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಕುಡಿದು ನಾವೇ ಬಚ್ಚಲಿಗೆ ಇಟ್ಟು ಬಂದೆವು. ಕಸ ಅಂತ ಉಳಿದದ್ದು ಒಂದು ಹಿಡಿ ಮೈಸೂರು ಮಲ್ಲಿಗೆ, ಅದೂ ತುಳಸಿ ಕಟ್ಟೆ ಬುಡಕ್ಕೆ ಹೋಯಿತು. ನಡೆದು ಹೋಗುವಷ್ಟು ದೂರದಲ್ಲಿ ಇಂಥದು ತಿಂಗಳಿಗೊಂದು ಇದ್ದರೆ ನಾನು ಸ್ಕೂಟರ್ ತೆಗೆಯುವುದೇ ಇಲ್ಲ.

---

ಬಿರಡೆ | ಮೈಸೂರು | ಸೋಮವಾರ ಮಧ್ಯಾಹ್ನ 3:30

ಇಲ್ಲಿ ಎಲ್ಲರೂ ಕಛೇರಿ ಬಗ್ಗೆ ಮಾತಾಡಿದಿರಿ. ನಾನು ವಾದ್ಯದ ಬಗ್ಗೆ ಹೇಳುತ್ತೇನೆ. ನಮ್ಮದು ವೀಣೆ ರಿಪೇರಿ ಮಾಡುವ ಮನೆ. ತಂದೆಯಿಂದ ಕಲಿತೆ.

ತಂಜಾವೂರಿನವರು ವೀಣೆಗೆ ಹಲಸು ಬಳಸುತ್ತಾರೆ. ಮೈಸೂರಿನ ಹಳೇ ವೀಣೆಗಳಲ್ಲಿ ಬೀಟೆ ಜಾಸ್ತಿ. ಭಾರ, ಕಪ್ಪು ಮಿಂಚು, ನಾದ ನಿಧಾನಕ್ಕೆ ಕರಗುತ್ತದೆ. ಆದರೆ ಬೀಟೆ ಮರ ಒಂದು ಕೊಡ, ಅಂದರೆ ವೀಣೆಯ ದುಂಡನೆಯ ಬುಡ, ತೋಡುವಷ್ಟು ದಪ್ಪ ಆಗಲು ಒಬ್ಬ ಮನುಷ್ಯನ ಆಯಸ್ಸು ಬೇಕು. ಕಾಡಿನಲ್ಲಿ ಅದು ಎಷ್ಟು ಕಡಿಮೆ ಆಗಿದೆ ಅಂದರೆ, ಸೈಟಿಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆಯಲ್ಲ, ಅಪಾಯದಲ್ಲಿರುವ ಗಿಡಮರ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವುದು, ಅದರಲ್ಲಿ 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನೇ ಸೇರಿಸಿದರು. ಆಗ ವಿದೇಶಕ್ಕೆ ವೀಣೆ ಕಳಿಸುವವರೆಲ್ಲ ಕಾಗದ ಪತ್ರಕ್ಕೆ ಓಡಾಡಿದರು. 2019ರ ನವೆಂಬರ್ 26ರಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಬಂತು. ಮರಕ್ಕೆ ಕಡಿವಾಣ ಹಾಗೇ ಇದೆ, ಇರಲೂಬೇಕು.

ನನ್ನ ಬೇಸರ ಬೇರೆ. ಈ ಊರಿನಲ್ಲಿ ಎಷ್ಟು ಮನೆಗಳಲ್ಲಿ ಬೀರು ಮೇಲೆ ವೀಣೆ ಮಲಗಿದೆ ಗೊತ್ತಾ? ಅಜ್ಜಿ ನುಡಿಸುತ್ತಿದ್ದದ್ದು, ಅತ್ತೆ ತವರಿನಿಂದ ತಂದದ್ದು. ಅದೇ ಬೀದಿಯಲ್ಲಿ ಒಂದು ಮಗು ಪಾಠಕ್ಕೆ ಸೇರಿದರೆ ಹೊಸ ವೀಣೆ ಕೊಳ್ಳುತ್ತಾರೆ. ಹಳೇ ವೀಣೆ ಕೆಟ್ಟಿದೆ ಅನ್ನುತ್ತಾರೆ. ಮರ ಕೆಟ್ಟಿರುವುದಿಲ್ಲ, ಮೇಳ ಹೋಗಿರುತ್ತದೆ, ಅಷ್ಟೇ.

ಮೇಳ ಕಟ್ಟುವುದು ಅಂದರೆ ಏನು ಅಂತ ನೋಡದವರಿಗೆ ಹೇಳುತ್ತೇನೆ. ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಕಾಯಿಸಿ ಕಪ್ಪಗೆ ಹದ ಮಾಡುತ್ತೇವೆ. ಅದನ್ನು ವೀಣೆಯ ಉದ್ದನೆಯ ದಂಡಿಯ ಮೇಲೆ ಎರಡು ಸಾಲಾಗಿ ಕೂರಿಸಿ, ಅದರ ಮೇಲೆ 24 ಹಿತ್ತಾಳೆ ಮೆಟ್ಟಿಲು ನಿಲ್ಲಿಸುತ್ತೇವೆ. ಒಂದು ಮೆಟ್ಟಿಲು ಕೂರಿಸು, ಮೀಟು, ಕಿವಿಗೊಡು. ಕೂದಲೆಳೆಯಷ್ಟು ಆಚೆ ಸರಿಸು, ಮತ್ತೆ ಮೀಟು. ಮೇಣ ಬಿಸಿ ಇದ್ದಾಗಲೇ ಆಗಬೇಕು, ಆರಿದರೆ ಮತ್ತೆ ಕಾಯಿಸಬೇಕು. ಗಾಂಧಾರ ಸ್ವರ ಸರಿ ಕೂರದೆ ನಾನು ಒಂದೇ ಮೆಟ್ಟಿಲಿಗೆ ಅರ್ಧ ದಿನ ಕಳೆದದ್ದಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ವೀಣೆ ಬಿಟ್ಟರೆ ಮೇಣ ಮೆತ್ತಗಾಗಿ ಈ ಕೆಲಸವೆಲ್ಲ ಅರ್ಧ ಗಂಟೆಯಲ್ಲಿ ಹಾಳು. ದಯವಿಟ್ಟು ಬಿಡಬೇಡಿ.

ಇಷ್ಟಕ್ಕೆ ಒಂದು ಮರವೂ ಬೀಳುವುದಿಲ್ಲ. ಒಂದು ಹಳೇ ವೀಣೆಗೆ ಮೇಳ ಕಟ್ಟಿ, ತಂತಿ ಬದಲಾಯಿಸಿ, ತಂತಿ ಹೊರುವ ಕುದುರೆಯ ಮೇಲಿನ ತಗಡು ಉಜ್ಜಿದರೆ ಇನ್ನೊಂದು ತಲೆಮಾರು ನುಡಿಸಬಹುದು.

ಹಳೇ ಸಾಮಗ್ರಿ ಬಿಟ್ಟರೆ ನಾದ ಹೋಗುತ್ತದೆ ಅಂತ ಹೆದರುವವರಿಗೆ ಒಂದು ಮಾತು. ಮೊದಲು ವೀಣೆಯ ಅಂಚಿಗೆ ಆನೆ ದಂತ, ಜಿಂಕೆ ಕೊಂಬು ಕೂರಿಸುತ್ತಿದ್ದರು. ವನ್ಯಜೀವಿ ಕಾನೂನು ಬಂದ ಮೇಲೆ ನಿಲ್ಲಿಸಿದರು. ಯಾವ ವಿದ್ವಾಂಸರೂ ನುಡಿಸುವುದನ್ನು ಬಿಡಲಿಲ್ಲ. ಆನೆ ಉಳಿಯಿತು, ವೀಣೆಯೂ ಉಳಿಯಿತು.

---

ಪಿಟೀಲು ಕಮಾನು | ಸೋಮವಾರ ಸಂಜೆ 4:10

ನಮ್ಮ ಪಿಟೀಲಿಗೂ ಇದೇ ಕಥೆ. ಒಳ್ಳೆಯ ಕಮಾನು ಬ್ರೆಜಿಲ್‌ನ ಪೆರ್ನಾಂಬುಕೊ ಮರದಿಂದ ಆಗುತ್ತದೆ. ಅದು 2007ರಿಂದ ಅದೇ ಸೈಟಿಸ್ ಪಟ್ಟಿಯಲ್ಲಿದೆ. ನಾನು ಆರು ವರ್ಷದಿಂದ ಕಾರ್ಬನ್ ಫೈಬರ್ ಕಮಾನು ಬಳಸುತ್ತಿದ್ದೇನೆ. ಮೊದಲ ಎರಡು ತಿಂಗಳು ಕೈಗೆ ಹೊಂದಲಿಲ್ಲ, ಈಗ ಬೇರೆ ಹಿಡಿಯಲು ಮನಸ್ಸಿಲ್ಲ. ಮಕ್ಕಳಿಗೆ ಕೊಡಿಸುವವರು ಹೆದರದೆ ಅದನ್ನೇ ಕೊಡಿಸಿ. ಕುದುರೆ ಕೂದಲು ಸವೆದರೆ ಕೂದಲು ಮಾತ್ರ ಬದಲಾಯಿಸಿ, ಕಮಾನು ಎಸೆಯಬೇಡಿ.

---

ಕೊನೇ ಸಾಲು | ಸೋಮವಾರ ಸಂಜೆ 4:40

ಎಡ ಬಲ ಅವರೇ, ಫೈಬರ್ ಮೃದಂಗದ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಚರ್ಮ ಬೇಡ ಅನ್ನುವವರೂ ಇದ್ದಾರೆ.

---

ಎಡ ಬಲ | ಸೋಮವಾರ ರಾತ್ರಿ 9:00

ಪ್ರಾಮಾಣಿಕವಾಗಿ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಫೈಬರ್ ಮೃದಂಗದಲ್ಲೇ ಅಭ್ಯಾಸ ಮಾಡುತ್ತಾರೆ. ಮುಚ್ಚಿಗೆ ಬೇಗ ಕೆಡುವುದಿಲ್ಲ, ಮಳೆಗಾಲದಲ್ಲಿ ಶ್ರುತಿ ಇಳಿಯುವುದಿಲ್ಲ. ಅಭ್ಯಾಸಕ್ಕೆ ಒಳ್ಳೆಯದು. ಆದರೆ ಎಡ ಮುಖಕ್ಕೆ ರವೆ ಹಚ್ಚಿ ನುಡಿಸಿದಾಗ ಬರುವ ಗುಂಕಿ, ಆ ಜಾರುವ ಮಂದ್ರ ನಾದ, ನನಗೆ ಅದರಲ್ಲಿ ಸಿಕ್ಕಿಲ್ಲ. ಅದೂ ಪ್ಲಾಸ್ಟಿಕ್ಕೇ, ಒಡೆದರೆ ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಇದ್ದೇ ಇದೆ. ಮೃದಂಗದ ಹಲಸಿನ ಮರದ ಒಡಲು, ಅಂದರೆ ಕಟ್ಟೆ, ನಮ್ಮ ಗುರುಗಳಿಂದ ನನಗೆ ಬಂತು, ನನ್ನಿಂದ ಇನ್ನೊಬ್ಬರಿಗೆ ಹೋಗುತ್ತದೆ. ಮುಚ್ಚಿಗೆ ಹಾಕುವವರು, ಬಾರು ಬಿಗಿಯುವವರು ಉಳಿದರೆ ಕಟ್ಟೆಗೆ ಸಾವಿಲ್ಲ. ಮೈಸೂರಿನಲ್ಲಿ ಆ ಕೆಲಸ ಮಾಡುವವರು ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಅವರ ಮಕ್ಕಳು ಯಾರೂ ಇದಕ್ಕೆ ಬಂದಿಲ್ಲ. ನನಗೆ ಚರ್ಮ, ಫೈಬರ್ ಅನ್ನುವ ಚರ್ಚೆಗಿಂತ ಇದು ದೊಡ್ಡ ಚಿಂತೆ.

---

ಮಂಗಳಂ | ಮಂಗಳವಾರ ಬೆಳಿಗ್ಗೆ 6:20

ಎರಡು ದಿನ ಎಲ್ಲವನ್ನೂ ಓದಿದೆ. ರಾತ್ರಿ ನಿದ್ದೆ ಬರದೆ ಹಳೇದೆಲ್ಲ ನೆನಪಾಯಿತು.

ನಾನು ಕಾರ್ಯದರ್ಶಿಯಾದ ಹೊಸದರಲ್ಲಿ ನಮ್ಮ ಸಭೆಗೆ ಒಂದು ಕರಿಹಲಗೆ ಇತ್ತು. ಗೇಟಿನ ಪಕ್ಕ ನಿಲ್ಲಿಸುತ್ತಿದ್ದೆವು. "ಇಂದಿನ ಕಛೇರಿ" ಅನ್ನುವುದು ಬಣ್ಣದಲ್ಲಿ ಬರೆದಿತ್ತು, ಕೆಳಗೆ ಕಲಾವಿದರ ಹೆಸರನ್ನು ದಿನಾ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಡ್ರಾಯಿಂಗ್ ಮೇಷ್ಟ್ರೊಬ್ಬರು ಬರೆಯುತ್ತಿದ್ದರು. ಹೆಸರಿನ ಎರಡು ಕಡೆ ಬಳ್ಳಿ, ಹೂವು. ಕಲಾವಿದರು ಒಳಗೆ ಬರುವ ಮೊದಲು ಅಲ್ಲಿ ನಿಂತು ತಮ್ಮ ಹೆಸರು ನೋಡಿ ಖುಷಿಪಡುತ್ತಿದ್ದರು. ದಾನಿಗಳ ಹೆಸರನ್ನು ಕಛೇರಿಯ ಮಧ್ಯೆ, ತನಿ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಮುಗಿದ ಮೇಲೆ, ನಾನೇ ಎದ್ದು ನಿಂತು ಓದುತ್ತಿದ್ದೆ. ಯಾರೂ ಬೇಸರ ಮಾಡಿಕೊಂಡಿರಲಿಲ್ಲ. ಆ ಹಲಗೆಯನ್ನು ತೆಗೆಸಿ ಮೊದಲ ಫ್ಲೆಕ್ಸ್ ಹಾಕಿಸಿದವನೂ ನಾನೇ. ಅಗ್ಗ, ಚೆಂದ ಕಾಣುತ್ತದೆ ಅಂದುಕೊಂಡೆ.

ಹಲಗೆ ಇನ್ನೂ ಸಭೆಯ ಉಗ್ರಾಣದಲ್ಲಿರಬೇಕು. ಇವತ್ತು ಹೋಗಿ ನೋಡುತ್ತೇನೆ.

ಬದನವಾಳಿನ ಬಟ್ಟೆ ವಿಷಯ ಒಪ್ಪಿದೆ. ಸ್ಮರಣಿಕೆ ಬಿಡುವುದೂ ಒಪ್ಪಿದೆ, ಎಡ ಬಲ ಅವರು ಬರೆದದ್ದು ಓದಿ ಸಂಕಟ ಆಯಿತು. ರೈಲಿನ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಧೈರ್ಯ ಇಲ್ಲ. ಹಿರಿಯ ಕಲಾವಿದರಿಗೆ ರೈಲಿನಲ್ಲಿ ಬನ್ನಿ ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ. ಅದನ್ನು ಕಲಾವಿದರೇ ತಾವಾಗಿ ಶುರು ಮಾಡಬೇಕು.

ಬಿರಡೆ ಅವರೇ, ನಿಮ್ಮನ್ನು ಒಂದು ಕೇಳಬೇಕು. ನಮ್ಮ ಮನೆಯಲ್ಲೂ ಬೀರು ಮೇಲೆ ಒಂದು ವೀಣೆ ಇದೆ. ನನ್ನ ಹೆಂಡತಿಯದು. ಅವಳು ಹೋಗಿ ಹನ್ನೊಂದು ವರ್ಷ. ಹಳೇ ಪಂಚೆ ಸುತ್ತಿ ಇಟ್ಟಿದ್ದೇನೆ. ತಂತಿ ಬಿಗಿಯುವ ಮೂರು ಬಿರಡೆ ತಿರುಗುವುದಿಲ್ಲ, ಮೇಣ ಒಡೆದು ಪುಡಿಯಾಗಿದೆ, ಎಂಟೋ ಒಂಬತ್ತೋ ಮೆಟ್ಟಿಲು ಬಿದ್ದುಹೋಗಿವೆ. ಒಂದು ಡಬ್ಬದಲ್ಲಿ ಎತ್ತಿಟ್ಟಿದ್ದೇನೆ. ಇದು ರಿಪೇರಿ ಆಗುತ್ತಾ?

---

ಬಿರಡೆ | ಮಂಗಳವಾರ ಬೆಳಿಗ್ಗೆ 9:15

ಆಗುತ್ತದೆ ಸರ್. ಕೊಡ, ದಂಡಿ ಬಿರುಕು ಬಿಟ್ಟಿಲ್ಲ ತಾನೇ? ದಂಡಿಯ ಇನ್ನೊಂದು ತುದಿಯ ಬುರುಡೆ ಸೋರೆಕಾಯಿಯದಾಗಿದ್ದರೆ ಹುಳು ಹಿಡಿದಿರಬಹುದು, ಅದನ್ನು ಬದಲಾಯಿಸಬಹುದು. ಬಿದ್ದ ಮೆಟ್ಟಿಲುಗಳನ್ನು ಎಸೆಯಬೇಡಿ, ಆ ಹಿತ್ತಾಳೆ ಈಗ ಸಿಗುವುದಿಲ್ಲ. ತಿರುಗದ ಬಿರಡೆಗಳನ್ನು ಬಲವಂತ ಮಾಡಬೇಡಿ.

---

ಸರಳೆ ವರಸೆ | ಮಂಗಳವಾರ ಮಧ್ಯಾಹ್ನ 1:30

ಮಂಗಳಂ ಸರ್, ಓದುತ್ತಾ ಗಂಟಲು ಕಟ್ಟಿತು.

ನಿನ್ನೆ ಸಂಜೆ ನಮ್ಮ ಸಮಿತಿ ಸೇರಿತ್ತು. ಗಣೇಶನ ಹಬ್ಬದ ಐದು ದಿನಕ್ಕೆ ಫ್ಲೆಕ್ಸ್ ಇಲ್ಲ, ಸ್ಮರಣಿಕೆ ಇಲ್ಲ ಅಂತ ಆಯಿತು. ಆ ಹಣ ಪಕ್ಕವಾದ್ಯದವರ ಸಂಭಾವನೆಗೆ ಸೇರುತ್ತದೆ. 300 ಸ್ಟೀಲ್ ಲೋಟ ಕೊಳ್ಳುವುದು ಅಂತಲೂ ಆಯಿತು, ಬೇರೆ ಸಭೆಗಳಿಗೂ ಕೊಡುತ್ತೇವೆ, ತೊಳೆದು ವಾಪಸ್ ಕೊಟ್ಟರೆ ಸಾಕು. ಜನರೇಟರ್ ಬಗ್ಗೆ ಜಗಳ ಮುಗಿದಿಲ್ಲ. ಇಬ್ಬರು ಹಿರಿಯರು ಒಪ್ಪಲಿಲ್ಲ. ಮೈಕ್ ಸೆಟ್ ಅಣ್ಣ, ನಮ್ಮ ಸಮಿತಿ ಮುಂದಿನ ಸಲ ಸೇರಿದಾಗ ನೀವೇ ಒಮ್ಮೆ ಬಂದು ಹೇಳುತ್ತೀರಾ? ಬಸ್ ಚಾರ್ಜ್ ನಾವು ಕೊಡುತ್ತೇವೆ. ಕಛೇರಿಯನ್ನು ಆರೂವರೆಯ ಬದಲು ಐದೂವರೆಗೆ ಶುರು ಮಾಡಿದರೆ ವಾಪಸ್ ಹೋಗುವವರಿಗೆ ಸಿಟಿ ಬಸ್ ಸಿಗುತ್ತದೆ ಅಂತ ಒಬ್ಬರು ಹೇಳಿದರು, ಅದನ್ನೂ ಬರೆದುಕೊಂಡೆ.

ಆ ಪೌರಕಾರ್ಮಿಕ ಅಮ್ಮನಿಗೆ ಮೊದಲ ದಿನದ ಕಛೇರಿಗೆ ಬನ್ನಿ ಅಂತ ಹೇಳಿ ಬಂದೆ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ಎಂಟು ಗಂಟೆ ಒಳಗೆ ಮುಗಿದರೆ ಬರುತ್ತೇನೆ ಅಂದರು.

---

ಮೈಕ್ ಸೆಟ್ | ಮಂಗಳವಾರ ಮಧ್ಯಾಹ್ನ 2:05

ಬರುತ್ತೇನೆ ಅಕ್ಕ. ಬ್ಯಾಟರಿಯನ್ನೂ ತರುತ್ತೇನೆ, ಅವರ ಎದುರಿಗೇ ಹಾಕಿ ತೋರಿಸೋಣ.

---

ಮಂಗಳಂ | ಮಂಗಳವಾರ ಸಂಜೆ 6:50

ಕರಿಹಲಗೆ ಸಿಕ್ಕಿತು. ಒಂದು ಕಾಲು ಮುರಿದಿದೆ, ಬಣ್ಣ ಹೋಗಿದೆ, ಹಲಗೆ ಗಟ್ಟಿ ಇದೆ.

ಬಿರಡೆ ಅವರೇ, ವೀಣೆಯನ್ನು ಇಳಿಸಿ ಒರೆಸಿದೆ. ಬಿರುಕು ಇಲ್ಲ. ಬುರುಡೆ ಸೋರೆಯದೇ, ಒಂದು ಕಡೆ ತೂತಾಗಿದೆ. ರಿಪೇರಿ ಆದ ಮೇಲೆ ಅದು ಮತ್ತೆ ಬೀರು ಮೇಲೆ ಹೋಗುವುದು ಬೇಡ. ಸರಳೆ ವರಸೆ ಅವರೇ, ಗಣೇಶನ ಹಬ್ಬದಲ್ಲಿ ಮಕ್ಕಳ ಸ್ಪರ್ಧೆ ಇರುತ್ತದಲ್ಲ, ವೀಣೆ ಕಲಿಯುತ್ತಿದ್ದು ಸ್ವಂತ ವೀಣೆ ಇಲ್ಲದ ಮಗು ಯಾರಾದರೂ ಇದ್ದರೆ ಹೇಳಿ. ಬಹುಮಾನದ ಕಪ್ ಕೊಡುವ ಬದಲು ಇದನ್ನು ಕೊಡೋಣ. ಯಾವತ್ತು ತರಲಿ?

---

ಬಿರಡೆ | ಮಂಗಳವಾರ ರಾತ್ರಿ 8:10

ಗುರುವಾರ ಬೇಡ ಸರ್, ಮೇಣ ಮುಗಿದಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ತನ್ನಿ. ಮೆಟ್ಟಿಲಿನ ಡಬ್ಬ ಮರೆಯಬೇಡಿ. ಆಟೋದಲ್ಲಿ ಬರುವಾಗ ಕೊಡ ನಿಮ್ಮ ತೊಡೆ ಮೇಲೆ ಇರಲಿ.